ಸಿಯಾಚಿನ್: ಗೇಣು ಹೆಲಿಕಾಪ್ಟರ್, ಚೋಟು ಹಿಮ

ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಬೆಳೆದವರಿಗೆ ‘ಡಯೋರಾಮಾ’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳು ಕೂತಾದ ಮೇಲೆ ಕೆಳಗಿನ ನೆಲವೆಲ್ಲ ಮಕ್ಕಳ ರಾಜ್ಯ. ಮರಳು ಹರಡಿ, ರಾಗಿ ಮೊಳಕೆಯಿಂದ ಗದ್ದೆ ಮಾಡಿ, ಕನ್ನಡಿಯ ಚೂರಿಟ್ಟು ಕೆರೆ ಎನ್ನುತ್ತಿದ್ದೆವಲ್ಲ, ಅದೇ ಡಯೋರಾಮಾ. ವ್ಯತ್ಯಾಸ ಒಂದೇ. ಗೊಂಬೆ ಹಬ್ಬದಲ್ಲಿ ಹಸು ಬಸ್ಸಿಗಿಂತ ದೊಡ್ಡದಾಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಡಯೋರಾಮಾದಲ್ಲಿ ಮನುಷ್ಯ, ಯಂತ್ರ, ಕಲ್ಲು, ಹಿಮ ಎಲ್ಲವೂ ಒಂದೇ ಅಳತೆಗೆ ಕಟ್ಟುಬಿದ್ದಿರಬೇಕು. ಈ ಅಳತೆಯ ಶಿಸ್ತೇ ಕಣ್ಣಿಗೆ ಕಾಣದ ಕೆಲವು ಸತ್ಯಗಳನ್ನು ನಮಗೆ ತೋರಿಸಿಕೊಡುತ್ತದೆ.

ನೀವು ಇಂಥದೊಂದು ಡಯೋರಾಮಾ ಮಾಡಿ ಎಂದು ಕೇಳಿಕೊಳ್ಳುವುದೇ ಈ ಲೇಖನದ ಉದ್ದೇಶ. ವಿಷಯ: ಸಿಯಾಚಿನ್ ಹಿಮನದಿಯ ಮೇಲಿನ ಒಂದು ಠಾಣೆ, ಅಲ್ಲಿಗೆ ಬಂದಿಳಿಯುತ್ತಿರುವ ಚೀತಾ ಹೆಲಿಕಾಪ್ಟರ್. ಹೆಲಿಕಾಪ್ಟರ್ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಅದು ದುಡಿಯುವ ಜಾಗ ಮಾತ್ರ ಲಡಾಖಿನ ತುತ್ತತುದಿಯಲ್ಲಿ. ಆದ್ದರಿಂದ ಅಂಟು, ಬಣ್ಣ ಕೈಗೆ ತೆಗೆದುಕೊಳ್ಳುವ ಮುನ್ನ ಆ ಜಾಗದ ಕಡೆಗೆ ಒಮ್ಮೆ ಹೋಗಿಬರೋಣ, ನಮ್ಮಂಥವರನ್ನು ಬಿಡುವಷ್ಟು ದೂರವಾದರೂ.

ದೆಹಲಿಯಲ್ಲಿರುವ ನಮಗೆ ಲೇಹ್ ಬೆಂಗಳೂರಿಗಿಂತ ಹತ್ತಿರ. ವಿಮಾನದಲ್ಲಿ ಒಂದೂಕಾಲು ಗಂಟೆಯ ಹಾದಿ. ಆದರೆ ಇಳಿಯುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನೆದರೆ ಇದರ ಅಂದಾಜು ಸಿಕ್ಕೀತು. ಮೊದಲೆರಡು ದಿನ ಓಡಾಟ ಬೇಡ. ಚೆನ್ನಾಗಿ ನೀರು ಕುಡಿದು ವಿಶ್ರಮಿಸಿ. ವಸತಿಗೃಹದ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದೂ ಒಂದು ಪಾಠವೇ ಎಂದುಕೊಳ್ಳಿ. ಇಲ್ಲಿ ನಿಮ್ಮ ಶ್ವಾಸಕೋಶಕ್ಕೆ ಆಗುತ್ತಿರುವ ಕಷ್ಟವೇ ಇನ್ನೂ ಮೇಲೆ ಹೆಲಿಕಾಪ್ಟರಿನ ಎಂಜಿನ್ನಿಗೂ ಆಗುತ್ತದೆ, ರೆಕ್ಕೆಗೂ ಆಗುತ್ತದೆ.

ಮೂರನೆಯ ದಿನ ವಿಮಾನ ನಿಲ್ದಾಣದ ಹತ್ತಿರ, ಕಾರ್ಗಿಲ್ ರಸ್ತೆಯಲ್ಲಿರುವ ‘ಹಾಲ್ ಆಫ್ ಫೇಮ್’ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸೇನೆಯೇ ನಡೆಸುವ ಸಂಸ್ಥೆ ಇದು. ಸಿಯಾಚಿನ್ ವಿಭಾಗದಲ್ಲಿ ಸೈನಿಕರು ತೊಡುವ ಉಡುಪು, ಬೂಟು, ಕನ್ನಡಕ, ಹಿಮಗೊಡಲಿಗಳನ್ನು ಇಟ್ಟಿದ್ದಾರೆ. ಡಯೋರಾಮಾ ಮಾಡುವವರಿಗೆ ಇದು ಪಾಠಶಾಲೆಯಿದ್ದಂತೆ. ಬೂಟು ಎಷ್ಟು ದಪ್ಪ, ಕೈಗವಸು ಎಷ್ಟು ಒರಟು ಎಂದು ಗಮನಿಸಿ. ಇಷ್ಟೆಲ್ಲ ತೊಟ್ಟ ಮನುಷ್ಯ ನೆಟ್ಟಗೆ ಚುರುಕಾಗಿ ನಡೆಯಲಾರ. ನೀವು ಮಾಡುವ ಗೊಂಬೆಯೂ ಪರೇಡಿನ ಸಿಪಾಯಿಯಂತೆ ನಿಂತಿರಬಾರದು.

ಅಲ್ಲಿಂದ ಮುಂದೆ ಖರ್ದುಂಗ್ ಲಾ ಕಣಿವೆಯ ದಾರಿ. ಅಲ್ಲಿನ ಹಳೆಯ ಹಳದಿ ಫಲಕ 18,380 ಅಡಿ ಎಂದು ಹೇಳುತ್ತಿತ್ತು. ನಿಖರವಾಗಿ ಅಳೆದಾಗ ಸಿಕ್ಕಿದ್ದು ಸುಮಾರು 17,580 ಅಡಿ. ಫಲಕದ ಎದುರು ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಎಂಟುನೂರು ಅಡಿಯ ವ್ಯತ್ಯಾಸದಿಂದ ನಷ್ಟವೇನಿಲ್ಲ. ಹೆಲಿಕಾಪ್ಟರ್ ನಡೆಸುವವನಿಗೆ ಅಷ್ಟೇ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗಬಹುದು. ಕಣಿವೆ ಇಳಿದರೆ ನುಬ್ರಾ. ಖಲ್ಸರ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಹೆಚ್ಚಿನ ಪ್ರವಾಸಿಗರು ಶ್ಯೋಕ್ ನದಿಯ ಪಕ್ಕ ಹಿಡಿದು, ದಿಸ್ಕಿತ್‌ನ ಬುದ್ಧನನ್ನೂ ಹುಂಡರ್‌ನ ಎರಡು ಡುಬ್ಬದ ಒಂಟೆಗಳನ್ನೂ ನೋಡಿ ಹಿಂದಿರುಗುತ್ತಾರೆ. ನೀವು ಇನ್ನೊಂದು ದಾರಿ ಹಿಡಿದು ಸುಮೂರ್, ಪನಾಮಿಕ್ ಕಡೆಗೆ ಹೋಗಿ. ಪನಾಮಿಕ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಪಕ್ಕದಲ್ಲಿ ಹರಿಯುವ ಬೂದುಬಣ್ಣದ ನುಬ್ರಾ ನದಿ ಹುಟ್ಟುವುದೇ ಸಿಯಾಚಿನ್ ಹಿಮನದಿಯ ಬಾಯಿಯಿಂದ. ಇನ್ನೂ ಮುಂದಕ್ಕೆ ಎಲ್ಲಿಯವರೆಗೆ ಹೋಗಬಹುದು ಎಂಬ ನಿಯಮಗಳು ಆಗಾಗ ಬದಲಾಗುವುದರಿಂದ ಲೇಹ್‌ನಲ್ಲೇ ವಿಚಾರಿಸಿಕೊಳ್ಳಿ.

ಬಾಲ್ಟಿ ಭಾಷೆಯಲ್ಲಿ ‘ಸಿಯಾ’ ಎಂದರೆ ಒಂದು ಬಗೆಯ ಕಾಡುಗುಲಾಬಿ. ಅದು ಹೇರಳವಾಗಿರುವ ಜಾಗವೇ ಸಿಯಾಚಿನ್. ಕಣಿವೆಯ ಕೆಳಭಾಗದಲ್ಲಿ ಬೇಸಿಗೆಯಲ್ಲಿ ಆ ಪೊದೆಗಳು ಹೂಬಿಟ್ಟಿದ್ದನ್ನು ಕಂಡವರು ಇಟ್ಟ ಹೆಸರಿರಬೇಕು. ಮೇಲಿರುವುದು 76 ಕಿಲೋಮೀಟರ್ ಉದ್ದದ ಮಂಜುಗಡ್ಡೆ. ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವುದುಂಟು. ಪನಾಮಿಕ್‌ನ ಬಯಲಿನಲ್ಲಿ ಬೆಳಗಿನ ಹೊತ್ತು ಸುಮ್ಮನೆ ನಿಲ್ಲಿ. ಅದೃಷ್ಟವಿದ್ದರೆ ಕಣಿವೆಯಲ್ಲಿ ಮೊದಲು ಸದ್ದು ಕೇಳಿಸುತ್ತದೆ, ಆಮೇಲೆ ಉತ್ತರದ ಕಡೆಗೆ ಸಾಗುವ ಒಂದು ಚುಕ್ಕೆ ಕಾಣಿಸುತ್ತದೆ. ಆ ಬೆಟ್ಟಗಳ ಮುಂದೆ ಅದು ಜೀರುಂಡೆಗಿಂತ ದೊಡ್ಡದಾಗಿ ಕಾಣುವುದಿಲ್ಲ. ಡಯೋರಾಮಾ ಮಾಡುವವರು ಮನಸ್ಸಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಈ ನೋಟವನ್ನೇ.

ಇನ್ನು ಆ ಜೀರುಂಡೆಯ ವಿಚಾರ. ಅತಿ ಎತ್ತರದಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂಬ ಭಾರತೀಯ ಸೇನೆಯ ಅಗತ್ಯಕ್ಕಾಗಿಯೇ ಫ್ರಾನ್ಸಿನಲ್ಲಿ ಇದರ ವಿನ್ಯಾಸವಾಯಿತು. ಅಲುವೆಟ್ 2 ಎಂಬ ಹಗುರವಾದ ಹೆಲಿಕಾಪ್ಟರಿನ ಒಡಲಿಗೆ ಅದರ ತಮ್ಮನಾದ ಅಲುವೆಟ್ 3ರ ಬಲಶಾಲಿ ಎಂಜಿನ್ ಮತ್ತು ರೆಕ್ಕೆಗಳನ್ನು ಜೋಡಿಸಿದರು. 1969ರ ಮಾರ್ಚ್ 17ರಂದು ಅದು ಮೊದಲು ಹಾರಿತು. ಹಿಮಾಲಯಕ್ಕೆ ಹೋಗುವ ಕೂಸಿಗೆ ‘ಲಾಮಾ’ ಎಂದು ಹೆಸರಿಟ್ಟರು. ಅದೇ ವರ್ಷ ನಮ್ಮ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿ ತೋರಿಸಿತು. 1972ರ ಜೂನ್ 21ರಂದು ಜ್ಯಾಂ ಬೂಲೆ ಎಂಬ ಫ್ರೆಂಚ್ ಚಾಲಕ ಇದನ್ನು 12,442 ಮೀಟರ್ ಎತ್ತರಕ್ಕೆ ಕೊಂಡೊಯ್ದು ವಿಶ್ವದಾಖಲೆ ಮಾಡಿದ. ಅಲ್ಲಿ ಎಂಜಿನ್ ಆರಿಹೋಯಿತು. ಗಾಳಿಗೆ ತಾನಾಗಿ ತಿರುಗುತ್ತಿದ್ದ ರೆಕ್ಕೆಗಳನ್ನೇ ನಂಬಿ ಅಷ್ಟೆತ್ತರದಿಂದ ಸುರಕ್ಷಿತವಾಗಿ ನೆಲಕ್ಕಿಳಿದ.

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ಇದನ್ನು 1970ರ ದಶಕದಿಂದ ‘ಚೀತಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಇದಕ್ಕೂ ಮೊದಲೇ ಅಲುವೆಟ್ 3 ಅಲ್ಲಿ ‘ಚೇತಕ್’ ಆಗಿತ್ತು. ಸಿಯಾಚಿನ್ ಮೇಲೆ ಮೊಟ್ಟಮೊದಲು, 1978ರ ಅಕ್ಟೋಬರಿನಲ್ಲಿ, ಇಳಿದ ನಮ್ಮ ಹೆಲಿಕಾಪ್ಟರ್ ಈ ಚೇತಕ್. 1984ರ ಏಪ್ರಿಲ್ 13ರಂದು ‘ಮೇಘದೂತ’ ಕಾರ್ಯಾಚರಣೆ ಆರಂಭವಾದಾಗ ಬಿಲಾಫೊಂಡ್ ಲಾ ಕಣಿವೆಗೆ ಸೈನಿಕರನ್ನು ಒಯ್ದದ್ದು ಚೀತಾ. ಆ ಎತ್ತರಕ್ಕೆ ಒಂದು ಸಲಕ್ಕೆ ಬೆರಳೆಣಿಕೆಯ ಜನರನ್ನಷ್ಟೇ ಒಯ್ಯಲು ಸಾಧ್ಯವಿದ್ದದ್ದರಿಂದ ಅದು ಮತ್ತೆ ಮತ್ತೆ ಹಾರಬೇಕಾಯಿತು.

ಏಕೆ ಹೀಗೆ? 6,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ರೆಕ್ಕೆ ತಳ್ಳಲು ಗಾಳಿ ಸಾಲದು, ಎಂಜಿನ್ ಉಸಿರಾಡಲೂ ಸಾಲದು. ಇಂಧನ ಹೆಚ್ಚು ತುಂಬಿದರೆ ಸಾಮಾನಿಗೆ ಜಾಗವಿಲ್ಲ. ಸಾಮಾನು ಹೆಚ್ಚಿದರೆ ಹಿಂದಿರುಗಲು ಇಂಧನವಿಲ್ಲ. ಹೀಗಾಗಿ ಅತಿ ಎತ್ತರದ ಠಾಣೆಗಳಿಗೆ ಒಂದು ಹಾರಾಟದಲ್ಲಿ ತಲುಪುವುದು ಕೆಲವೇ ಕಿಲೋ ಸರಕು: ಒಂದೆರಡು ಜೆರಿಕ್ಯಾನ್ ಸೀಮೆಎಣ್ಣೆ, ಔಷಧಿ, ಊರಿನಿಂದ ಬಂದ ಕಾಗದಗಳು. ಹೆಲಿಪ್ಯಾಡಿನಲ್ಲಿ ಎಂಜಿನ್ ನಿಲ್ಲಿಸುವುದಿಲ್ಲ. ನಿಂತದ್ದು ಆ ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆ ಇಲ್ಲ. ಇಳಿಸುವುದು, ಏರಿಸುವುದು ಎಲ್ಲ ತಿರುಗುವ ರೆಕ್ಕೆಯ ಕೆಳಗೇ, ಅವಸರದಲ್ಲೇ.

ಈಗ ಕೆಲಸಕ್ಕೆ ಕೂರೋಣ. ಅಳತೆ 1:48 ಇರಲಿ. ಚೀತಾದ ರೆಕ್ಕೆ ಬಿಡಿಸಿಕೊಳ್ಳುವ ಅಗಲ 11.02 ಮೀಟರ್, ನಮ್ಮ ಮಾದರಿಯಲ್ಲಿ ಅದು 23 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಗೇಣು. ಎತ್ತರ ಆರೂವರೆ ಸೆಂಟಿಮೀಟರಿಗೆ ತುಸು ಕಡಿಮೆ. ಸೈನಿಕ ಮೂರೂವರೆ ಸೆಂಟಿಮೀಟರ್. ಜೆರಿಕ್ಯಾನ್ ಒಂದು ಸೆಂಟಿಮೀಟರ್, ಕಡಲೆಕಾಳಿನಷ್ಟು.

ಲಾಮಾ ಹೆಸರಿನ ಕಿಟ್ ಕೈಗೆ ಸಿಕ್ಕರೆ ಸರಿ. ಸಿಗದಿದ್ದರೂ ಎದೆಗುಂದಬೇಡಿ, ಇದರಷ್ಟು ಸರಳ ಆಕಾರದ ಹೆಲಿಕಾಪ್ಟರ್ ಇನ್ನೊಂದಿಲ್ಲ. ಮುಂದೆ ಗಾಜಿನ ಗುಳ್ಳೆ, ನಡುವೆ ಬಯಲಲ್ಲೇ ಕುಳಿತ ಎಂಜಿನ್, ಹಿಂದೆ ಕೊಳವೆಗಳನ್ನು ಹೆಣೆದ ಬಾಲ, ಕೆಳಗೆ ಎರಡು ಜಾರುಗಾಲು. ಗುಳ್ಳೆಯ ಆಕಾರವನ್ನು ಮೃದುವಾದ ಮರದಲ್ಲಿ ಕೆತ್ತಿ, ಉಜ್ಜಿ ನುಣುಪು ಮಾಡಿ, ಅದನ್ನು ಖಾಲಿ ನೀರಿನ ಪ್ಲಾಸ್ಟಿಕ್ ಬಾಟಲಿಯೊಳಗೆ ಇಟ್ಟು ಹೊರಗಿನಿಂದ ಬಿಸಿಗಾಳಿ ಕೊಡಿ. ಬಾಟಲಿ ಮುದುಡಿ ಮರಕ್ಕೆ ಅಂಟಿಕೊಳ್ಳುತ್ತದೆ. ಆರಿದ ಮೇಲೆ ಕತ್ತರಿಸಿ ತೆಗೆದರೆ ನಿಮ್ಮ ಗಾಜು ಸಿದ್ಧ. ಇದನ್ನು ಕೂಡಿಸಲು ದಿಢೀರ್ ಅಂಟು ಬೇಡ, ಅದರ ಹಬೆಗೆ ಗಾಜು ಮಸುಕಾಗುತ್ತದೆ, ಫೆವಿಕಾಲ್ ಸಾಕು. ಬಾಲಕ್ಕೆ ತೆಳ್ಳನೆಯ ಹಿತ್ತಾಳೆ ತಂತಿ. ಕಾಗದದ ಮೇಲೆ ನಕ್ಷೆ ಬರೆದು, ಅದರ ಮೇಲೆಯೇ ತಂತಿಯಿಟ್ಟು ಒಂದೊಂದೇ ಪಕ್ಕ ಹೆಣೆಯಿರಿ. ಈ ಬಾಲ ಒರಟಾದರೆ ಚೀತಾ ಚೀತಾವಾಗಿ ಉಳಿಯದು.

ಮೇಲೆ ಮೂರು ರೆಕ್ಕೆ. ಫ್ರೆಂಚರ ಹೆಲಿಕಾಪ್ಟರ್ ಆದ್ದರಿಂದ ಮೇಲಿನಿಂದ ನೋಡಿದಾಗ ಅವು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತವೆ. ಪ್ರತಿ ರೆಕ್ಕೆಯ ದಪ್ಪನೆಯ ಅಂಚು ಆ ದಿಕ್ಕಿಗೇ ಇರಬೇಕು. ಸಿಯಾಚಿನ್‌ನಲ್ಲಿ ರೆಕ್ಕೆ ನಿಲ್ಲುವುದಿಲ್ಲ ಎಂದೆವಲ್ಲ, ಅದನ್ನು ತೋರಿಸುವುದು ಹೇಗೆ? ಪುಟ್ಟ ಮೋಟಾರು ಕೂರಿಸಿ ತಿರುಗಿಸಿದರೆ ಅದು ಜಾತ್ರೆಯ ಆಟಿಕೆಯಾಗುತ್ತದೆ. ಅದರ ಬದಲು ಪಾರದರ್ಶಕ ಹಾಳೆಯನ್ನು ಗೇಣಗಲದ ಚಕ್ರವಾಗಿ ಕತ್ತರಿಸಿ, ಮೂರು ಕಡೆ ಬೂದುಬಣ್ಣವನ್ನು ತೆಳ್ಳಗೆ ಸವರಿ ಕೂರಿಸಿ. ಕೆಳಗೆ ಹಿಮ ಎದ್ದು ಹಾರುತ್ತಿರುವುದನ್ನು ತೋರಿಸಲು ಹೂಬತ್ತಿಯ ಅರಳೆಯನ್ನು ಬಿಡಿಸಿ ಅಲ್ಲಲ್ಲಿ ಅಂಟಿಸಿ. ಅರಳೆ ಕಂಡರೆ ನೋಡುವವರ ಕಿವಿಗೆ ಸದ್ದೂ ಕೇಳಿಸುತ್ತದೆ.

ಹಿಮಕ್ಕೆ ಅಡಿಗೆ ಸೋಡಾ ಬಳಸುವವರಿದ್ದಾರೆ. ಅದು ಕಾಲಕ್ರಮೇಣ ಹಳದಿಯಾಗುತ್ತದೆ. ಬಿಳಿ ರಂಗೋಲಿ ಪುಡಿ ಇದಕ್ಕೆ ಹೇಳಿಮಾಡಿಸಿದಂತಿದೆ. ಜರಡಿ ಹಿಡಿದು, ಫೆವಿಕಾಲ್ ಮತ್ತು ಒಂದು ಹನಿ ನೀಲಿಯೊಂದಿಗೆ ಕಲಸಿ ಬಳಿಯಿರಿ. ಒಣಗುವ ಮುನ್ನ ಮೇಲೆ ಒಣಪುಡಿ ಉದುರಿಸಿ. ಅಡಿಯಲ್ಲಿ ಥರ್ಮೋಕೋಲ್ ಇದ್ದರೆ ಮೊದಲು ಕಾಗದ ಅಂಟಿಸಿ ಮುಚ್ಚಿಬಿಡಿ. ಇಲ್ಲದಿದ್ದರೆ ಬಣ್ಣದ ತಿನ್ನರ್ ತಗಲಿ ಅದು ಕರಗಿಹೋಗುತ್ತದೆ. ಬರಿಯ ಬಿಳುಪು ಬೇಡ. ಅಲ್ಲಲ್ಲಿ ಸೀಮೆಎಣ್ಣೆಯ ಮಸಿ, ಹೂತ ಜೆರಿಕ್ಯಾನ್, ಸರಕಿನೊಂದಿಗೆ ಇಳಿದ ಪ್ಯಾರಾಚೂಟಿನ ಬಣ್ಣದ ಬಟ್ಟೆ ಇರಲಿ. ಮನುಷ್ಯರು ವಾಸಿಸುವ ಹಿಮ ಅದು.

ಸೈನಿಕರು ನಾಲ್ಕೈದು ಜನ ಸಾಕು. ಯಾರ ಮುಖವೂ ನೋಡುವವರ ಕಡೆಗಿರುವುದು ಬೇಡ. ರೆಕ್ಕೆಯ ಗಾಳಿಗೆ ಬೆನ್ನು ಕೊಟ್ಟು, ಕುಕ್ಕರುಗಾಲಿನಲ್ಲಿ ಕೂತಿರಲಿ. ಒಬ್ಬ ಜೆರಿಕ್ಯಾನ್ ಎಳೆದುಕೊಳ್ಳುತ್ತಿರಲಿ. ಇಬ್ಬರು ಮೂರನೆಯವನಿಗೆ ತೋಳು ಕೊಟ್ಟು ಮುಂಭಾಗದಿಂದ ಹೆಲಿಕಾಪ್ಟರಿಗೆ ಕರೆತರುತ್ತಿರಲಿ. ಹಿಂಭಾಗದಿಂದ ಬೇಡ, ಅಲ್ಲಿ ಬಾಲದ ರೆಕ್ಕೆ ಇದೆ. ಒಬ್ಬನ ಕೈಯಲ್ಲೂ ಬಂದೂಕು ಎತ್ತಿ ಹಿಡಿಸಬೇಕಾಗಿಲ್ಲ. 2003ರ ನವೆಂಬರಿನಲ್ಲಿ ಕದನವಿರಾಮ ಆಗುವುದಕ್ಕೂ ಮೊದಲಿನಿಂದಲೇ ಅಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಚಳಿ, ಎತ್ತರ ಮತ್ತು ಹಿಮಪಾತ. ಠಾಣೆಯ ನಿಖರ ನಕ್ಷೆಯ ಹುಡುಕಾಟಕ್ಕೂ ಹೋಗಬೇಡಿ. ಅದು ನಮಗೆ ಬೇಕಾದದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೈಚಳಕ. ಇನ್ನು ಪೀಠದ ಮಾತು, ನನ್ನ ಮಟ್ಟಿಗೆ ಈ ಡಯೋರಾಮಾದ ಜೀವವೇ ಅದು. ಸಾಮಾನ್ಯವಾಗಿ ಪೀಠವನ್ನು ಎರಡು ಬೆರಳು ದಪ್ಪದ ಹಲಗೆಯ ಮೇಲೆ ಮುಗಿಸಿಬಿಡುತ್ತಾರೆ. ನೀವು ಅದನ್ನು 18 ಸೆಂಟಿಮೀಟರ್ ಎತ್ತರ ಕಟ್ಟಿ, ಒಂದು ಪಕ್ಕವನ್ನು ಕೇಕು ಕತ್ತರಿಸಿದಂತೆ ನೇರವಾಗಿ ಸೀಳಿ ಬಿಡಿ. ಮೇಲೆ ಬಿಳಿ, ಕೆಳಗಿಳಿದಂತೆ ನೀಲಿ. ಮೇಲಿನಿಂದ 16 ಸೆಂಟಿಮೀಟರ್ ಕೆಳಗೆ ಒಂದು ಸಣ್ಣ ಗೆರೆ ಎಳೆಯಿರಿ.

ಏಕೆಂದು ಹೇಳುತ್ತೇನೆ. 2016ರ ಫೆಬ್ರವರಿ 3ರಂದು, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಸೈನಿಕರನ್ನು ಹೂತುಹಾಕಿತು. ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಠಾಣೆ ಅದು. ಹತ್ತರಲ್ಲಿ ಮೂವರು ಕನ್ನಡನಾಡಿನವರು: ಹಾಸನದ ಕಡೆಯವರೊಬ್ಬರು, ಮೈಸೂರು ಜಿಲ್ಲೆಯವರೊಬ್ಬರು, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಕಲ್ಲಿನಂಥ ಮಂಜುಗಡ್ಡೆಯನ್ನು ಕೊರೆಯುತ್ತ ಹೋದ ರಕ್ಷಣಾ ತಂಡಕ್ಕೆ, ಫೆಬ್ರವರಿ 8ರಂದು, ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಸಿಕ್ಕಿದರು. ಆರು ದಿನಗಳ ಮೇಲೂ ಉಸಿರಾಡುತ್ತಿದ್ದರು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಆ ಎರಡು ದಿನ ಈ ಊರಿನ ಕನ್ನಡಿಗರೆಲ್ಲ, ಕನ್ನಡಿಗರೇ ಏಕೆ, ದೇಶವೆಲ್ಲ ಆಸ್ಪತ್ರೆಯ ಪ್ರಕಟಣೆಗೆ ಕಾದದ್ದು ನಿಮಗೆ ನೆನಪಿರಬಹುದು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಜೀವಂತವಾಗಿ ಸಿಗಲಿಲ್ಲ.

ಇಪ್ಪತ್ತೈದು ಅಡಿ ಎಂದು ಪತ್ರಿಕೆಯಲ್ಲಿ ಓದಿದಾಗ ಅದು ಬರಿಯ ಸಂಖ್ಯೆ. ನಮ್ಮ ಅಳತೆಯಲ್ಲಿ ಅದು 16 ಸೆಂಟಿಮೀಟರ್. ಹೆಬ್ಬೆರಳಿನಿಂದ ತೋರುಬೆರಳಿಗೆ ಚಾಚಿದರೆ ಸಿಗುವ ಒಂದು ಚೋಟು. ಮೂರೂವರೆ ಸೆಂಟಿಮೀಟರಿನ ಗೊಂಬೆಯನ್ನು ಮೇಲೆ ನಿಲ್ಲಿಸಿ, ಆ ಗೆರೆಯನ್ನು ನೋಡಿ. ಅವನಂಥ ನಾಲ್ಕು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಗೆರೆಯಿಂದ ಮೇಲಕ್ಕೆ ತಲೆ ಕಾಣದು. ಗೆರೆಯ ಬಳಿ ಮಾತ್ರ ಯಾವ ಗೊಂಬೆಯನ್ನೂ ಇಡಬೇಡಿ. ಒಂದು ಮನೆಯವರ ದುಃಖ ಅದು. ನಮ್ಮ ಪ್ರದರ್ಶನದ ವಸ್ತುವಲ್ಲ. ಗೆರೆ ಸಾಕು, ಅದರ ಪಕ್ಕದಲ್ಲಿ ತಾರೀಖು ಸಾಕು.

ಸಂಘದ ಸಭಾಂಗಣದಲ್ಲಿ ಇದನ್ನು ಇಡುವಾಗ ಕೆಲವು ವಿಷಯ ಗಮನಿಸಿ. ಮೇಜಿನ ಮೇಲಿಟ್ಟು ಮೇಲಿನಿಂದ ನೋಡುವಂತಾದರೆ ನಾವು ಆಕಾಶದಲ್ಲಿ ಕುಳಿತ ದೇವತೆಗಳಾಗುತ್ತೇವೆ. ಹೆಲಿಪ್ಯಾಡ್ ನಿಂತವರ ಕಣ್ಣಿನ ಮಟ್ಟಕ್ಕೆ ಬರುವಷ್ಟು ಎತ್ತರದಲ್ಲಿಡಿ. ಮಕ್ಕಳಿಗೆ ಒಂದು ಮಣೆ ಹಾಕಿ. ಗಾಜಿನ ಪೆಟ್ಟಿಗೆ ಕಡ್ಡಾಯ, ದೆಹಲಿಯ ಧೂಳು ನಿಮಗೆ ಗೊತ್ತೇ ಇದೆ. ಕಿಟಕಿಯ ಬಿಸಿಲು ತಾಗದಿರಲಿ. ಮೇ ತಿಂಗಳ ಸೆಕೆಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ದೀಪ ಒಂದೇ ಪಕ್ಕದಿಂದ ಬೀಳಲಿ, ಆಗ ಸೀಳಿದ ಪಕ್ಕದ ನೀಲಿ ಎದ್ದು ಕಾಣುತ್ತದೆ. ಯುದ್ಧದ ಸಂಗೀತ, ಭಾಷಣದ ಧ್ವನಿಮುದ್ರಣ ಯಾವುದೂ ಬೇಡ.

ವಿವರಣೆಯ ಫಲಕ ಕನ್ನಡದಲ್ಲಿರಲಿ, ಜೊತೆಗೆ ಹಿಂದಿಯಲ್ಲೂ ಇರಲಿ. ಅದರಲ್ಲಿ ಒಂದು ಲೆಕ್ಕವನ್ನು ಮರೆಯದೆ ಬರೆಯಿರಿ. ಇದೇ 1:48ರ ಅಳತೆಯಲ್ಲಿ ಸೋನಂ ಠಾಣೆಯ ಎತ್ತರವನ್ನು ಸಮುದ್ರಮಟ್ಟದಿಂದ ಕಟ್ಟುತ್ತ ಬಂದಿದ್ದರೆ ಪೀಠ 124 ಮೀಟರ್ ಆಗುತ್ತಿತ್ತು. ಕುತುಬ್ ಮಿನಾರ್ ಇರುವುದು 73 ಮೀಟರ್. ಕುತುಬ್ ಮಿನಾರಿನ ಮೇಲೆ ಅದರ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಎತ್ತರದ ಇನ್ನೊಂದು ಗೋಪುರವನ್ನಿಟ್ಟು, ಅದರ ತುದಿಯಲ್ಲಿ ಈ ಗೇಣಗಲದ ಯಂತ್ರವನ್ನು ಇಳಿಸಿದ್ದೇವೆಂದು ಓದಿದವರು ಊಹಿಸಿಕೊಳ್ಳಲಿ.

ಚೀತಾಕ್ಕೆ ವಯಸ್ಸಾಗಿದೆ. ಅದರ ಜಾಗ ತುಂಬಬೇಕಾದ ಹಗುರ ಹೆಲಿಕಾಪ್ಟರ್ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿತು. ಅಂಥವುಗಳಿಗಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಊರಿಗೆ ಹೋದಾಗ ಬೆಂಗಳೂರಿನ ಎಚ್.ಎ.ಎಲ್. ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 2001ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ನಮ್ಮವರು ಕಟ್ಟಿದ ಯಂತ್ರಗಳ ಪಕ್ಕದಲ್ಲೇ ನಿಂತು ನೋಡಬಹುದು. ಯಂತ್ರ ನೋಡಿ ಬಂದ ಮಕ್ಕಳಿಗೆ ಆ ಯಂತ್ರ ಹೋಗುವ ಜಾಗವನ್ನು ತೋರಿಸುವುದು ನಮ್ಮ ಕೆಲಸ. ಎಲ್ಲರನ್ನೂ ನುಬ್ರಾಕ್ಕೆ ಕರೆದೊಯ್ಯಲಾಗದು. ಆದರೆ ಗಾಜಿನ ಪೆಟ್ಟಿಗೆಯ ಪಕ್ಕ ಮಗುವನ್ನು ಮಣೆಯ ಮೇಲೆ ನಿಲ್ಲಿಸಿ, ಅದರ ಬೆರಳು ಚಾಚಿಸಿ, ಆ ಗೆರೆಯವರೆಗೆ ಎಷ್ಟು ಚೋಟು ಆಗುತ್ತದೆಂದು ಅಳೆಯಲು ಹೇಳಬಹುದು. ಚಿಕ್ಕ ಕೈಗೆ ಒಂದು ಚೋಟು ಸಾಲದು. ಹನುಮಂತಪ್ಪನವರ ಕಥೆಯನ್ನು ಹೇಳಲು ಅದೇ ಸರಿಯಾದ ಸಮಯ.